ತಿನ್ನುವ ಬಟ್ಟಲು

ಪ್ಲಾಸ್ಟಿಕ್ ಕಪ್ಪುಗಳ ಬದಲು ಜೋಳದ ಹಿಟ್ಟಿನ ಬಟ್ಟಲು ಮಾಡುವುದನ್ನು ನಾನು ಕಲಿತದ್ದು ಬಾಗಲಕೋಟೆಯ ಒಂದು ತರಬೇತಿಯಲ್ಲಿ. ಜೋಳದ ಹಿಟ್ಟಿಗೆ ಒಂದಿಷ್ಟು ಗೋಧಿ ಹಿಟ್ಟು ಸೇರಿಸಿ, ಗಟ್ಟಿಯಾಗಿ ನಾದಿ, ಕಾದ ಅಚ್ಚಿನಲ್ಲಿ ಒತ್ತಿದರೆ ಬಟ್ಟಲು ಸಿದ್ಧ. ಒಳಗಿನದನ್ನು ತಿಂದ ಮೇಲೆ ಬಟ್ಟಲನ್ನೂ ತಿನ್ನಬೇಕು. ತಿನ್ನದಿದ್ದರೆ ಮಣ್ಣಿಗೆ ಹಾಕಬೇಕು. ಭೂಮಿಗೆ ಭಾರವಿಲ್ಲ. ನಾನು ಅಚ್ಚಿನ ಯಂತ್ರದೊಂದಿಗೆ ಇಳಕಲ್ಲಿಗೆ ಮರಳಿದಾಗ, ಸೀರೆ ವ್ಯಾಪಾರದ ನನ್ನ ಗಂಡ ಅದರ ಸುತ್ತ ಒಂದು ಸುತ್ತು ಬಂದ.

“ರೊಟ್ಟಿ ತಿನ್ನಾಕ ಬರ್ತೈತಿ ಅನ್ನೂದು ನಮಗ ಮೊದಲ ಗೊತ್ತಿತ್ತಲ್ಲ. ಅದಕ್ಕ ಮಿಷಿನ್ ಯಾಕ?” ಎಂದ.

ನಾನು ಆಗಲೇ ಹಿಟ್ಟು ನಾದಲು ಕುಳಿತಿದ್ದೆ. ಹುನಗುಂದದಲ್ಲಿ ಅಕ್ಕನ ಮಗಳ ಕುಬಸವಿತ್ತು. ಚೊಚ್ಚಲ ಬಸುರಿಗೆ ಸೀರೆ ಉಡಿಸಿ, ಆರತಿ ಮಾಡಿ, ಊರವರಿಗೆಲ್ಲ ಊಟ. ಪಾಯಸವನ್ನು ನನ್ನ ಬಟ್ಟಲುಗಳಲ್ಲೇ ಬಡಿಸಬೇಕೆಂದು ಹಟ ಹಿಡಿದು ಅಕ್ಕನನ್ನು ಒಪ್ಪಿಸಿದ್ದೆ. ಬಡಿಸುವಾಗ ಪ್ರತಿ ಪಂಕ್ತಿಯ ಮುಂದೆ ನಿಂತು ಹೇಳಿದೆ: “ಬಟ್ಟಲಾನೂ ತಿನ್ರಿ. ಇದು ತಿನ್ನೂದ ಐತಿ.”

ಹೆಂಗಸರು ಪಾಯಸ ತಿಂದರು. ಬಟ್ಟಲನ್ನು ತಿರುವಿ ಮುರುವಿ ನೋಡಿದರು. ಒಬ್ಬಾಕೆ, “ಇಷ್ಟು ಚಂದದ ಬಟ್ಟಲಾ ಯಾರರ ತಿಂತಾರೇನವಾ? ಕುಂಕುಮಕ್ಕ ಆಗ್ತೈತಿ” ಎಂದು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು. ಉಳಿದವರಲ್ಲೂ ಹಲವರು ಹಾಗೇ ಮಾಡಿದರು. ಒಬ್ಬರೂ ಕಚ್ಚಲಿಲ್ಲ. ನನ್ನ ಮಾಲಿಗೆ ಸಿಕ್ಕ ಮೊದಲ ಮೆಚ್ಚುಗೆ ಇದು. ನನಗೆ ಅಳು ಬರುವುದೊಂದು ಬಾಕಿ.

ಎಲೆಯ ಮೇಲೆ ಉಳಿದ ಬಟ್ಟಲುಗಳನ್ನಾದರೂ ಹಿತ್ತಲ ಗಿಡಗಳ ಬುಡಕ್ಕೆ ಹಾಕೋಣವೆಂದು ಹುಡುಕಿದರೆ ಒಂದೂ ಕಾಣಲಿಲ್ಲ. ಅಕ್ಕನ ಅತ್ತೆ ಅಷ್ಟನ್ನೂ ಬಳಿದು, ಬಚ್ಚಲಿನಲ್ಲಿ ನೀರು ತುಂಬಿದ ಬಕೆಟ್ಟಿಗೆ ಹಾಕಿದ್ದರು. ಖಾಲಿ ತುಪ್ಪದ ಬಾಟಲಿಯನ್ನು ಕೂಡ ಜನ್ಮದಲ್ಲಿ ಎಸೆದವರಲ್ಲ ಅವರು.

“ಅತ್ತೀ, ತೊಳೀಬ್ಯಾಡ್ರಿ!” ಎಂದು ಓಡಿದೆ.

“ಎಂಜಲ ಬಟ್ಟಲಾ ಹಂಗ ಇಡೂದೇನ? ನಾಳೆ ಕೂಸಿನ ತೊಟ್ಟಲ ಕಾರ್ಯಕ್ಕ ಬೇಕಾಗ್ತಾವು,” ಎನ್ನುತ್ತಲೇ ಮೊಣಕೈವರೆಗೆ ಕೈ ಇಳಿಬಿಟ್ಟು ತಡಕಾಡಿದರು. ಮತ್ತೆ ತಡಕಾಡಿದರು. ಅವರ ಮುಖ ಬದಲಾಯಿತು. “ಎಲ್ಲಿ ಹೋದುವ? ಈಗ ಹಾಕೇನಲ್ಲ!”

ಬಕೆಟ್ಟಿನಲ್ಲಿದ್ದದ್ದು ಅಂಬಲಿ. ಹಿತ್ತಲಿನ ಎಮ್ಮೆಯ ಮುಂದಿಟ್ಟರೆ ಅದು ತಲೆ ಎತ್ತದೆ ಕುಡಿಯಿತು. ಅತ್ತೆಯವರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, “ಮೋಸ ಹೋದಿ ನೋಡವಾ. ಮಾಲ ಖೋಟಾ ಐತಿ” ಎಂದು ಸಮಾಧಾನ ಹೇಳಿದರು. ಕರಗುವುದೇ ಅದರ ಗುಣವೆಂದು ಆ ಹೊತ್ತಿನಲ್ಲಿ ಯಾವ ಬಾಯಿಂದ ಹೇಳಲಿ?

ನನ್ನ ಸಪ್ಪೆ ಮೋರೆ ನೋಡಲಾರದೆ ಗಂಡನೇ ಒಂದು ದಾರಿ ತೋರಿಸಿದ. ಮೈದುನ ಬಾದಾಮಿಯಲ್ಲಿ ಗುಹೆಗಳಿಗೆ ಹೋಗುವ ದಾರಿಯಲ್ಲಿ ಐಸ್‌ಕ್ರೀಮ್ ಗಾಡಿ ಇಟ್ಟಿದ್ದಾನೆ. ಪ್ರವಾಸಿಗರು ಓದಿದವರು, ಅವರಿಗೆ ತಿಳಿಯುತ್ತದೆ ಎಂದ. ನಾನೇ ಒಂದು ಡಬ್ಬಿ ಹೊತ್ತುಕೊಂಡು ಹೋಗಿ ಗಾಡಿಯ ಪಕ್ಕ ಕುಳಿತೆ.

ಓದಿದವರಿಗೆ ನಿಜಕ್ಕೂ ತಿಳಿಯಿತು. ಬಟ್ಟಲಿನ ಫೋಟೊ ತೆಗೆದುಕೊಂಡರು, ಪರಿಸರದ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದರು, ಐಸ್‌ಕ್ರೀಮ್ ತಿಂದರು. ಆಮೇಲೆ ಬಟ್ಟಲನ್ನು ಪ್ಲಾಸ್ಟಿಕ್ ಚಮಚದ ಸಮೇತ ಕಸದ ಡಬ್ಬಿಗೆ ಹಾಕಿ ಮೆಟ್ಟಿಲು ಹತ್ತಿದರು. ಅಷ್ಟರಲ್ಲಿ ಬಂಡೆಯ ಮೇಲಿಂದ ಒಂದು ದೊಡ್ಡ ಮಂಗ ಇಳಿದು ಬಂದು ಡಬ್ಬಿಯನ್ನು ಉರುಳಿಸಿತು. ಒಂದು ಬಟ್ಟಲು ಎತ್ತಿಕೊಂಡು, ಚಮಚವನ್ನು ತೆಗೆದು ಬಿಸಾಡಿ, ಅಂಚಿನಿಂದ ಸುತ್ತಲೂ ಕಚ್ಚುತ್ತ ಬುಡದವರೆಗೆ ತಿಂದು ಮುಗಿಸಿತು. ತರಬೇತಿಯಲ್ಲಿ ಹೇಳಿಕೊಟ್ಟಂತೆ ನನ್ನ ಮಾಲನ್ನು ಬಳಸಿದ ಮೊದಲ ಗಿರಾಕಿ. ನನಗೆ ಎದ್ದು ಹೋಗಿ ಕೈಮುಗಿಯಬೇಕೆನಿಸಿತು.

ಆದರೆ ಸುದ್ದಿ ಬಂಡೆಯ ಮೇಲೆಲ್ಲ ಹಬ್ಬಿತು. ಒಂದು ವಾರದಲ್ಲಿ ಮೈದುನನ ಫೋನ್ ಬಂತು.

“ವೈನಿ, ನಿಮ್ಮ ಬಟ್ಟಲಾ ಸಾಕ್ರಿ. ಕೈಯಾಗ ಕೊಡೂದ ತಡ, ಐಸ್‌ಕ್ರೀಮ್ ಸಹಿತ ಮಂಗ್ಯಾ ಕಸಗೊಂಡು ಹೋಗ್ತಾವು. ರೊಕ್ಕಾ ಕೊಡಾವ್ರು ಒಬ್ರು, ತಿನ್ನಾವ್ರು ಒಬ್ರು. ದಿನಾ ಜಗಳ ಬಿಡಸೂದ ಆಗೇತಿ.”

ಅವನು ಮತ್ತೆ ಹಳೆಯ ಪ್ಲಾಸ್ಟಿಕ್ ಕಪ್ಪುಗಳಿಗೆ ಹೋದ. ಮಂಗಗಳಿಗೆ ಅವುಗಳ ಮೇಲೆ ಅಂಥ ಆಸೆಯಿಲ್ಲ.

ಯಂತ್ರವನ್ನು ಅಟ್ಟಕ್ಕೆ ಹಾಕುವ ಹೊತ್ತಿಗೆ, ಬಾಗಲಕೋಟೆಯ ಅಂಗಡಿಯವರೊಬ್ಬರು ಮಾದರಿ ಕೇಳಿದರು. ತುದಿ ಮುರಿದು ಬಾಯಿಗೆ ಹಾಕಿಕೊಂಡು, “ಸ್ವಲ್ಪ ಜೀರಗಿ, ಖಾರ ಹಾಕ್ರಿ. ಚಹಾದ ಜೋಡಿ ಛಲೋ ಹೋಗ್ತೈತಿ” ಎಂದರು. ಹಾಕಿದೆ. ಹೋಯಿತು. ಈಗ ಜನ ಅದನ್ನು ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಾರೆ. ಅದರೊಳಗೆ ಏನನ್ನಾದರೂ ಹಾಕಬಹುದೆಂದು ಯಾರಿಗೂ ಹೊಳೆದಿಲ್ಲ. ಗಾಳಿ ತಾಗಿದರೆ ಮೆತ್ತಗಾಗುತ್ತದೆಂದು ಅಂಗಡಿಯವರ ತಕರಾರು. ಅದಕ್ಕೇ ದಪ್ಪನೆಯ ಪ್ಲಾಸ್ಟಿಕ್ ಪ್ಯಾಕೆಟ್ಟುಗಳಲ್ಲಿ ತುಂಬಿ, ಬಾಯಿ ಸುಟ್ಟು ಮುಚ್ಚುತ್ತೇನೆ. ಪ್ಯಾಕೆಟ್ಟಿನ ಮೇಲೆ ಹಸಿರು ಎಲೆಯ ಚಿತ್ರವಿದೆ. ಅದನ್ನು ಆರಿಸಿದವಳು ನಾನೇ.