ಅಮದಳ್ಳಿಯಲ್ಲಿ ಚಾರ್ಜ್ ನಿಲ್ಲುವ ಜಾಗ

"ಅಂಕಲ್, ಮತ್ತೆ ಚಾರ್ಜ್ ಕಟ್ ಆಯ್ತು!"

ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಇಂಜಿನಿಯರ್ ಹುಡುಗಿ ಕೂಗಿದಳು. ಸ್ಟೀರಿಂಗ್ ಹಿಡಿದವ ನನ್ನ ಸೋದರಮಾವ ವೆಂಕಟು. ಪಕ್ಕದಲ್ಲಿ ನಾನು. (ಕೆಲಸ ಇರಲಿಲ್ಲ, ಹತ್ತಿ ಕೂತಿದ್ದೆ.)

ವಿಷಯ ಇಷ್ಟು. ಅಮದಳ್ಳಿಯಲ್ಲಿ ಒಂದು ಕಂಪನಿಯವರು ಡಾಂಬರಿನ ಕೆಳಗೆ ತಂತಿ ಸುರುಳಿ ಹೂತಿದ್ದಾರೆ. ಅದರ ಮೇಲೆ ನೇರ ಹೋದರೆ ಸಾಕು, ಕರೆಂಟ್ ಕಾರು ಓಡುತ್ತಲೇ ಚಾರ್ಜ್ ಆಗುತ್ತದೆ. ವೈರ್ ಬೇಡ, ಪ್ಲಗ್ ಬೇಡ. ಪಕ್ಕಕ್ಕೆ ಸರಿದರೆ ಬಂದ್. ಟೆಸ್ಟಿಂಗ್‌ಗೆ ಡ್ರೈವರ್ ಬೇಕಿತ್ತು. ಕಾರವಾರ-ಅಂಕೋಲಾ ಟೆಂಪೋ ಓಡಿಸಿ ಅರ್ಧ ಆಯುಷ್ಯ ಕಳೆದ ಮಾವನಿಗೆ, ಟೆಂಪೋ ಮಾರಿದ ಮೇಲೆ ಸಿಕ್ಕ ಮೊದಲ ಕೆಲಸ ಇದು.

"ನೇರನೇ ಹೋದ್ನಲ್ಲೇ ತಂಗಿ! ನಿನ್ನ ಸುರುಳಿನೇ ಹಾಳಾಗ್ಯದೆ ನೋಡು."

"ಸುರುಳಿ ಸರಿ ಇದೆ ಅಂಕಲ್. ಈ ಸಲನೂ ತಪ್ಪಿದ್ರೆ ಸರ್ ಬೇರೆ ಡ್ರೈವರ್ ಕರೆಸ್ತಾರೆ."

ಮಾವನ ಮುಖ ಸಣ್ಣದಾಯಿತು.

ನನಗೆ ಆಗ ಹೊಳೆಯಿತು. ಪ್ರತಿ ಸಲ ಗಾಡಿ ಬಲಕ್ಕೆ ಸರಿದು ಚಾರ್ಜ್ ಕಟ್ ಆಗುವ ಜಾಗದಲ್ಲಿ, ಎಡಬದಿಗೆ, ಮೊದಲು ಮಾವಿನ ಮರ ಇತ್ತು. ಬೇರು ರಸ್ತೆಗೇ ಬಂದಿತ್ತು. ಬೇರಿನ ಮೇಲೆ ಬುಟ್ಟಿ ಇಟ್ಟು ಗಿರಿಜಕ್ಕ ಬಳಚು, ಅಂದರೆ ಚಿಪ್ಪಿಮೀನು, ಮಾರುತ್ತಿದ್ದಳು. ಟೆಂಪೋ ಬಂದರೂ ಏಳುತ್ತಿರಲಿಲ್ಲ. "ರಸ್ತೆ ನಿನ್ನ ಅಪ್ಪಂದೇನೋ ವೆಂಕಟು? ಆ ಬದಿಂದ ಹೋಗು!" ಬೈದು ಮುಗಿಸಿ, ಒಂದಿಷ್ಟು ಬಳಚು ಕಾಗದದಲ್ಲಿ ಸುತ್ತಿ ಕಿಟಕಿಯೊಳಗೆ ತುರುಕುತ್ತಿದ್ದಳು. ಶಾಲೆ ತಪ್ಪಿಸಿ ಮಾವನ ಪಕ್ಕ ಕೂತು ಆ ಬೈಗುಳ ಎಷ್ಟು ಸಲ ಕೇಳಿದ್ದೇನೋ!

ಗಿರಿಜಕ್ಕ ತೀರಿಕೊಂಡಳು. ಆಮೇಲೆ ರಸ್ತೆ ಅಗಲ ಮಾಡುವಾಗ ಮರವೂ ಹೋಯಿತು. ಮಾವನ ಕೈಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಆ ದಾರಿಯಲ್ಲಿ ಗಾಡಿ ಓಡಿಸಿದವರೇ, ನಿಮ್ಮ ಕೈಯಾದರೂ ಅಲ್ಲಿ ನೇರ ಹೋಗುತ್ತದಾ?

"ಮಾವಾ, ಮರ ಇಲ್ಲ ಈಗ. ಸೀದಾ ಹೊಡಿ."

ಮಾವ ನನ್ನನ್ನು ನೋಡಿದ. ಗಾಡಿ ತಿರುಗಿಸಿ ಮತ್ತೆ ಬಂದ. ಸ್ಟೀರಿಂಗ್ ಬಿಗಿ ಹಿಡಿದು ಸೀದಾ ಹೋದ.

"ಸೂಪರ್ ಅಂಕಲ್! ಎಲ್ಲೂ ಕಟ್ ಆಗ್ಲಿಲ್ಲ!" ಹುಡುಗಿ ಚಪ್ಪಾಳೆ ಹೊಡೆದಳು. "ಇನ್ನು ನೀವೇ ನಮ್ಮ ಡ್ರೈವರ್!"

ಮಾವ ಗಾಡಿ ಬದಿಗೆ ಹಾಕಿ ಕೀಲಿಯನ್ನು ಅವಳ ಕೈಗೆ ಕೊಟ್ಟ.

"ಬ್ಯಾರೆಯವ್ರನ್ನ ನೋಡಿ ತಂಗಿ."

"ಯಾಕೆ? ಈಗ ಸರಿಯಾಯ್ತಲ್ಲ!"

"ಸರಿ ಆತು. ಆದ್ರೆ ಅಲ್ಲಿ ಹೋಗೂಕೆ ನನ್ನ ಕೈಲಿ ಆಗೂದಿಲ್ಲ. ಗಿರಿಜಕ್ಕನ ಮೇಲೇ ಗಾಡಿ ಹತ್ತಿಸ್ದಂಗೆ ಆಗ್ತದೆ."

ಈಗ ಹೊರಗಿನ ಡ್ರೈವರ್ ಬಂದಿದ್ದಾನೆ. ಸೀದಾ ಹೋಗುತ್ತಾನೆ, ಚಾರ್ಜ್ ಆಗುತ್ತದೆ. ಮಾವ ಮನೆಯಲ್ಲಿದ್ದಾನೆ.