ಟೀಚರ್ ಕಳಿಸಿದ ಬ್ಲಾಗು

ಬೆಳುವಾಯಿಯ ನಿವೃತ್ತ ಶಿಕ್ಷಕಿ ಸೆವ್ರಿನ್ ಬಾಯಿ ವಾರವಿಡೀ ಕ್ಯಾಥೊಲಿಕ್ ಬ್ಲಾಗುಗಳನ್ನು ಜಾಲಾಡಿ, ಒಳ್ಳೆಯದೊಂದನ್ನು ಆರಿಸಿ, ಭಾನುವಾರ ಪೂಜೆ ಮುಗಿದೊಡನೆ ತಮ್ಮ ವಾಳೆಯ, ಎಂದರೆ ಚರ್ಚಿನ ವಾರ್ಡಿನ, ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದರು. ನಿಮಿಷದೊಳಗೆ ಇಪ್ಪತ್ತೆರಡು ಮುಗಿದ ಕೈಗಳು ಬಂದು ಬೀಳುತ್ತಿದ್ದವು. ನಿಜಕ್ಕೂ ಓದಿ ಜಗಳ ತೆಗೆಯುತ್ತಿದ್ದವರು ವಾಳೆಯ ಹಿರಿಯರಾದ ಪಾವ್ಲು ಪೊರ್ಬುಗಳೊಬ್ಬರೇ. ಅವರು ತೀರಿಕೊಂಡು ವರ್ಷವಾಯಿತು.

ಒಂದು ಭಾನುವಾರ ಕಳಿಸಿದ ಬ್ಲಾಗು ಅಷ್ಟರಲ್ಲೇ ಮುಚ್ಚಿಹೋಗಿತ್ತು; ಕೊಂಡಿ ಒತ್ತಿದರೆ ಬರೀ ಖಾಲಿ ಪುಟ. ಅದು ಸೆವ್ರಿನ್ ಬಾಯಿಗೆ ಗೊತ್ತಾಗುವಷ್ಟರಲ್ಲಿ ವಾಳೆಯ ಮುಖಂಡ, ಗುರಿಕಾರ ಲಾದ್ರು, ‘ಮನಸ್ಸಿಗೆ ತಾಗಿತು ಟೀಚರ್’ ಎಂದು ಬರೆದಾಗಿತ್ತು. ಮರುವಾರ ಚರ್ಚಿನ ಮೆಟ್ಟಿಲಲ್ಲೇ ಅವನನ್ನು ಹಿಡಿದರು.

“ಯಾವ ಸಾಲು ತಾಗಿದ್ದು ಮಾರಾಯ?”

“ಎಲ್ಲ ಸಾಲೂ ಟೀಚರ್. ಒಂದನ್ನೂ ಬಿಡ್ಲಿಕ್ಕಿಲ್ಲ.”

ಮನೆಗೆ ಬಂದವರೇ ಅದೇ ಖಾಲಿ ಪುಟವನ್ನು ಇನ್ನೊಮ್ಮೆ ಕಳಿಸಿ, ಬೈಯುವವರು ಒಬ್ಬರಾದರೂ ಇದ್ದಾರೆಯೇ ಎಂದು ಸಂಜೆಯವರೆಗೆ ಕಾದರು. ಕೈಗಳು ಇಪ್ಪತ್ತೆರಡೂ ಬಂದಿದ್ದವು.