ಕೊಟ್ಟಿಗೆಯ ಮೇಲಿನ ಕೋಣೆ

ನಕ್ಷೆ ಬರೆಯಲು ಕೂತರೆ ಸಾಹೇಬರು ಮೊದಲು ಮೇಲಿನ ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು ಕಾಗದದ ಮೂಲೆಯ ಮೇಲೆ ಇಡುತ್ತಿದ್ದರು. ಏಸಿಯ ಗಾಳಿಗೆ ಕಾಗದ ಹಾರಬಾರದಲ್ಲ. ಹಲ್ಲಿನ ಸಂದಿಯಲ್ಲಿ ಬೆಳಗಿನ ಮೊಟ್ಟೆಯ ಹಳದಿ ಹಾಗೇ ಇರುತ್ತಿತ್ತು. ಜೊಲ್ಲು ಒಣಗಿದ ಮೇಲೆ ಕಾಗದದಲ್ಲಿ ಲಾಳದಂಥ ಒಂದು ಕಲೆ ಉಳಿಯುತ್ತಿತ್ತು. ಮಕ್ಕಳೇ, ಆ ಮನೆಯಲ್ಲಿ ಮೊದಲ ವಾರ ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನಿಮ್ಮಮ್ಮನನ್ನು ನನ್ನ ಅತ್ತಿಗೆಯ ಹತ್ತಿರ ಬಿಟ್ಟು ನಾನು ಅಬುಧಾಬಿಗೆ ಹೋದೆ. ಓದಿದ್ದು ಊರಿನ ಶಾಲೆಯಲ್ಲಿ ಏಳನೆಯವರೆಗೆ. ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಕಟ್ಟಡದ ಐದನೇ ಮಹಡಿಯಲ್ಲಿ, ಒಂಟಿ ಇಂಗ್ಲಿಷ್ ಸಾಹೇಬರೊಬ್ಬರ ಮನೆಗೆಲಸ. ಕೆಲಸ ಕೊಡಿಸಿದ್ದು ಅದೇ ಕಟ್ಟಡದಲ್ಲಿದ್ದ ಉಡುಪಿ ಕಡೆಯ ನರ್ಸಕ್ಕ. “ಹೆದರ್ಬೇಡ ಮಾರಾಯ್ತಿ, ಜನ ಒಳ್ಳೆಯವರು. ಸ್ನಾನ ಮಾತ್ರ ಶುಕ್ರವಾರಕ್ಕೊಮ್ಮೆ,” ಎಂದಿದ್ದಳು. ಅದು ತಮಾಷೆ ಅಂದುಕೊಂಡಿದ್ದೆ. ಅಲ್ಲ. ಹಂದಿಯ ಕೊಬ್ಬನ್ನು ಹಳೆಯ ಡಬ್ಬಿಯಲ್ಲಿ ಕೂಡಿಟ್ಟು ಅದರಲ್ಲೇ ದಿನಾ ಬ್ರೆಡ್ಡು ಹುರಿಯುವರು. ಚಹಾದ ಮಗ್ಗಿನ ತಳದಲ್ಲಿ ಬೂಸಲು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಗುಡಿಸುತ್ತಿದ್ದೆ. ಊಟದ ಮೇಜು ಒರೆಸಲು ಬಿಡುತ್ತಿರಲಿಲ್ಲ. ಅದರ ತುಂಬ ಅವರ ಊರು ಹರಡಿಕೊಂಡಿತ್ತು.

ಕಟ್ಟಡಗಳನ್ನು ಅಳೆದು ನಕ್ಷೆ ಮಾಡುವುದು ಅವರ ಉದ್ಯೋಗ. ಸಂಜೆ ಮನೆಗೆ ಬಂದರೆ ತಾವು ಹುಟ್ಟಿದ ಹಳ್ಳಿಯ ಚರಿತ್ರೆ. ನಾಲ್ಕು ದೊಡ್ಡ ಬೇಸಾಯದ ಮನೆಗಳು, ಮೂರು ಪಬ್ಬುಗಳು, ಒಂದು ಚರ್ಚು, ಒಂದು ಕಮ್ಮಾರಸಾಲೆ. ಹದಿನಾರನೇ ವಯಸ್ಸಿಗೆ ಬಿಟ್ಟುಬಂದ ಊರನ್ನು ಮರಳುಗಾಡಿನಲ್ಲಿ ಕೂತು ಗೋಡೆ ಗೋಡೆಯಾಗಿ ಕಟ್ಟುತ್ತಿದ್ದರು. ನೆನಪು ಸಾಲದಿದ್ದರೆ ಅಲ್ಲಿನ ಮುದುಕರಿಗೆ ಕಾಗದ ಬರೆಯುವರು. ಮನೆ ಯಾರದು, ಯಾವಾಗ ಕಟ್ಟಿದ್ದು ಎಂದು ಎಲ್ಲರೂ ಕೇಳುತ್ತಾರೆ. ಇವರು ಕೇಳುತ್ತಿದ್ದುದು, ಯಾರು ಎಲ್ಲಿ ಮಲಗುತ್ತಿದ್ದರು ಎಂದು. ಉತ್ತರ ಸಿಗುವವರೆಗೆ ಆ ಕೋಣೆಗೆ ಶಾಯಿ ಹಚ್ಚುತ್ತಿರಲಿಲ್ಲ, ಪೆನ್ಸಿಲ್ ಗೆರೆಯಲ್ಲೇ ಬಿಡುತ್ತಿದ್ದರು.

ಪಬ್ಬೆಂದರೆ ನಮ್ಮ ಕಡೆಯ ಗಡಂಗು, ಹೆಂಡದಂಗಡಿ. ಒಂದರಲ್ಲಿ ಹಿಂಗೋಡೆಗೆ ಸಣ್ಣ ಕಿಂಡಿಯಿತ್ತಂತೆ. ಗದ್ದೆಯ ಆಳುಗಳು ಕೆಸರುಗಾಲಲ್ಲಿ ಒಳಗೆ ಬರಬಾರದು, ಆ ಕಿಂಡಿಯಲ್ಲೇ ಲೋಟ ತೆಗೆದುಕೊಂಡು ಹೊರಗೆ ನಿಂತು ಕುಡಿಯಬೇಕು. ಇದನ್ನು ಕೇಳಿ ನಾನು ಉತ್ಸಾಹದಿಂದ, ನಮ್ಮ ಮನೆಯಲ್ಲೂ ಹಾಗೇ, ಹಟ್ಟಿಯ ಸಗಣಿ ಬಾಚಲು ಬರುತ್ತಿದ್ದ ಹೆಂಗಸಿಗೆ ತೆಂಗಿನ ಗೆರಟೆಯಲ್ಲಿ ಚಹಾ ಹೊಯ್ಯುತ್ತಿದ್ದೆವು ಎಂದೆ. ಅಷ್ಟು ಹೊತ್ತಿಗೆ ನನಗೆ ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಮಾತಾಡಲು ಬರುತ್ತಿತ್ತು. ಅವರು ಪೆನ್ಸಿಲ್ ಕೆಳಗಿಟ್ಟು ಅವಳ ಹೆಸರು ಕೇಳಿದರು. ನನಗೆ ಗೊತ್ತಿರಲಿಲ್ಲ. ಎಷ್ಟು ವರ್ಷ ಬಂದಳು ಎಂದರು. ನಾನು ಹುಟ್ಟುವ ಮೊದಲಿನಿಂದ, ಎಂದೆ. ಅವರು ಮತ್ತೆ ಪೆನ್ಸಿಲ್ ಎತ್ತಿಕೊಂಡರು. ಇವರ ಹಲ್ಲಿಗೆ, ಇವರ ಮಗ್ಗಿಗೆ ಅಸಹ್ಯಪಟ್ಟುಕೊಂಡವಳು ನಾನು. ಅಂದು ನನ್ನ ಬಾಯಿಯೇ ನನಗೆ ಹೊಲಸು ಅನ್ನಿಸಿತು.

ಅವರ ತಾಯಿಯೂ ಮನೆಗೆಲಸದವಳೇ. ಆ ನಾಲ್ಕು ಬೇಸಾಯದ ಮನೆಗಳಲ್ಲಿ ಅತಿ ದೊಡ್ಡದರ ದನದ ಕೊಟ್ಟಿಗೆಯ ಮೇಲೆ ಒಂದು ಕೋಣೆ, ಏಣಿ ಹತ್ತಿ ಹೋಗಬೇಕು. ಆಕೆ ಹದಿನೆಂಟು ವರ್ಷ ಅಲ್ಲಿ ಮಲಗಿದಳು. ಮಗನನ್ನು ಹೆತ್ತದ್ದೂ ಅಲ್ಲಿಯೇ. ಹಳ್ಳಿಯವರು ಎರಡು ಸಾವಿರನೇ ಇಸವಿಗೆಂದು ಊರಿನ ಚರಿತ್ರೆಯ ಪುಸ್ತಕ ಮಾಡಲು ಸಮಿತಿ ಕಟ್ಟಿದ್ದರು. ನಕ್ಷೆಗಳೆಲ್ಲ ಇವರವು. ದುಡ್ಡು ಬೇಡ, ಆ ಕೋಣೆಯ ಮೇಲೆ ತಾಯಿಯ ಹೆಸರು ಅಚ್ಚಾಗಲಿ, ಅಷ್ಟು ಸಾಕು ಎಂದು ಬರೆದಿದ್ದರು.

ಸಮಿತಿಯ ಅಧ್ಯಕ್ಷ ನಕ್ಷೆ ಒಯ್ಯಲು ತಾನೇ ಬಂದ. ಆ ದೊಡ್ಡ ಮನೆಯ ಮೊಮ್ಮಗ. ಎಂಥ ಶುಭ್ರ ಮನುಷ್ಯ! ಇಸ್ತ್ರಿಯ ಅಂಗಿ, ಕತ್ತರಿಸಿದ ಉಗುರು, ಮೈಗೆ ಸೋಪಿನ ಘಮ. ಸಾಹೇಬರು ಅಂದು ವಾರದ ನಡುವೆಯೇ ಸ್ನಾನ ಮಾಡಿದ್ದರು. ಊಟಕ್ಕೆ ಕೂತಾಗ ತಾಯಿಯ ಹೆಸರಿನ ಮಾತೆತ್ತಿದರು. ಅವನು ಅವರ ಕೈ ಹಿಡಿದು ಕುಲುಕಿ, ಖಂಡಿತ ಎಂದು ಮಾತು ಕೊಟ್ಟ.

ಊಟವಾದ ಮೇಲೆ ಹೆಂಡತಿಗೆ ಫೋನು ಮಾಡಬೇಕೆಂದ. ಫೋನು ಅಡುಗೆಮನೆಯ ಬಾಗಿಲ ಪಕ್ಕದಲ್ಲಿತ್ತು. ನಾನು ಪಾತ್ರೆ ತೊಳೆಯುತ್ತಿದ್ದೆ. ನನ್ನ ಕಡೆ ನೋಡಿದ, ಇವಳಿಗೇನು ತಿಳಿಯುತ್ತದೆ ಎಂಬಂತೆ ನಕ್ಕ. ಆಮೇಲೆ ಫೋನಿನಲ್ಲಿ ಹೇಳಿದ: “ನಕ್ಷೆಗಳು ಬಂಗಾರದಂತಿವೆ. ತಾಯಿಯ ವಿಷಯ ಬಿಟ್ಟುಬಿಡೋಣ. ಆ ಕೋಣೆಯ ಮೇಲೆ ಅವಳ ಹೆಸರು ಬಂದರೆ, ಮಗ ಯಾರದೆಂದು ಜನ ನನ್ನ ಅಜ್ಜನ ಹೆಸರನ್ನೂ ಎತ್ತುತ್ತಾರೆ.”

ನನ್ನ ಕೈಯಲ್ಲಿ ಅವನು ತಿಂದ ತಟ್ಟೆಯಿತ್ತು. ಎಲುಬುಗಳನ್ನು ಸಾಲಾಗಿ, ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದ. ಅದನ್ನು ತೊಳೆಯಲು ಮನಸ್ಸಾಗದೆ ಬದಿಗಿಟ್ಟೆ. ಸಾಹೇಬರ ಹಲ್ಲಿನ ಸೆಟ್ಟನ್ನು ಬೇಕಾದರೆ ನೂರು ಸಲ ತೊಳೆದೇನು.

ಆದರೆ ನಾನು ಬಾಯಿ ಬಿಡಲಿಲ್ಲ. ಅತಿಥಿಯ ಮಾತನ್ನು ಯಜಮಾನರಿಗೆ ಮುಟ್ಟಿಸುವುದು ಕೆಲಸದವಳಿಗೆ ಹೇಳಿದ್ದಲ್ಲ ಎಂದು ನನ್ನ ತಾಯಿ ಕಲಿಸಿದ್ದಳು. ಮೇಲಾಗಿ ವೀಸಾ ಅವರ ಕೈಯಲ್ಲಿ. ಒಬ್ಬ ಬಿಳಿಯನ ಮೇಲೆ ಇನ್ನೊಬ್ಬ ಬಿಳಿಯನಿಗೆ ದೂರು ಹೇಳಿ ಬದುಕುವುದುಂಟೇ ಎಂದುಕೊಂಡೆ. ಮರುದಿನ ಬೆಳಿಗ್ಗೆ ಸಾಹೇಬರು ಅಷ್ಟೂ ನಕ್ಷೆಗಳನ್ನು ಸುರುಳಿ ಮಾಡಿ, ಕೊಳವೆಗೆ ತುಂಬಿ, ಅವನ ಹೆಗಲಿಗೆ ತಾವೇ ಹಾಕಿ ಕಳುಹಿಸಿದರು. ನಾನು ಲಿಫ್ಟಿನ ಗುಂಡಿ ಒತ್ತಿದೆ.

ಪುಸ್ತಕ ಅಂಚೆಯಲ್ಲಿ ಬಂತು. ದಪ್ಪ ಹೊಳಪಿನ ಕಾಗದ. ಕೊಟ್ಟಿಗೆಯ ಮೇಲಿನ ಕೋಣೆಯ ಮೇಲೆ ‘ಸಾಮಾನು’ ಎಂದಿತ್ತು. ಸಾಹೇಬರು ಆ ಹಾಳೆಯ ಮೇಲೆ ಬೆರಳಾಡಿಸಿದರು. ಅಚ್ಚು ಚೆನ್ನಾಗಿದೆ ಎಂದರು. ಆಮೇಲೆ, ಪಾಪ, ಸಮಿತಿಯವರು ಅವಸರದಲ್ಲಿ ತಪ್ಪಿರಬೇಕು, ಬರೆದು ಕೇಳುತ್ತೇನೆ ಎಂದರು. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಫೋನಿನ ಮಾತನ್ನು ಇದ್ದಂತೆ ಹೇಳಿದೆ.

“ಅವತ್ತೇ ಗೊತ್ತಿತ್ತೇ ನಿನಗೆ?”

“ಹೌದು ಸಾರ್.”

ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಅವರು ಪುಸ್ತಕ ಮುಚ್ಚಿ, “ನನ್ನ ಅಮ್ಮನೂ ಆ ಮನೆಯಲ್ಲಿ ಹೀಗೇ ಸುಮ್ಮನಿರುತ್ತಿದ್ದಳು. ಖಲಾಸ್,” ಎಂದರು. ಕಾಗದ ಬರೆಯಲಿಲ್ಲ. ಮುಂದೆ ನಕ್ಷೆಗೂ ಕೂರಲಿಲ್ಲ.

ನರ್ಸಕ್ಕನಿಗೆ ಎಲ್ಲ ಹೇಳಿಕೊಂಡು ಅತ್ತೆ. “ನೀ ಹೇಳಿದ್ರೆ ಅವ ಬಿಡ್ತಿದ್ನಾ? ದೊಡ್ಡವರ ಮನೆ ಕೊಳಕು ದೊಡ್ಡವರೇ ಮುಚ್ಚೂದು,” ಎಂದು ಸಮಾಧಾನ ಮಾಡಿದಳು. ಅದು ಸಮಾಧಾನದ ಮಾತಲ್ಲ. ನಾನು ಹೇಳಿದ್ದರೆ ನಕ್ಷೆಗಳಾದರೂ ಅವರ ಮೇಜಿನ ಮೇಲೆ ಉಳಿಯುತ್ತಿದ್ದವು. ಎಂಟು ತಿಂಗಳಿಗೆ ಸಾಹೇಬರು ಆಸ್ಪತ್ರೆಯಲ್ಲಿ ಹೃದಯ ನಿಂತು ತೀರಿಕೊಂಡರು. ಅವರ ಊರಿನಿಂದ ಯಾರೂ ಬರಲಿಲ್ಲ.

ಅವರು ಮಾಡುತ್ತಿದ್ದ ಹಾಗೆ ನಾನೂ, ಅವರ ಬಾಯಿಂದ ಕೇಳಿದ್ದನ್ನು, ಬರೆದಿಡುತ್ತೇನೆ. ಆ ಕೋಣೆ ಹತ್ತು ಅಡಿಗೆ ಏಳು ಅಡಿ. ಪೂರ್ವಕ್ಕೆ ಒಂದು ಕಿಟಕಿ, ಗಾಜಿರಲಿಲ್ಲ, ಗೋಣಿತಾಟು ಕಟ್ಟಿತ್ತು. ಚಳಿಗಾಲದಲ್ಲಿ ಕೆಳಗಿನ ದನಗಳ ಉಸಿರೇ ಬೆಚ್ಚಗೆ. ಅಲ್ಲಿ ಮಲಗುತ್ತಿದ್ದವಳು ಎಲ್ಸಿ. ಅವಳ ಊರಿನ ಪುಸ್ತಕದಲ್ಲಿ ಇದಿಲ್ಲ. ಇಲ್ಲಿದೆ, ಕನ್ನಡದಲ್ಲಿ.